ಕಾಣೆಯಾದ ಮಹಿಳೆಯ ಒಂಟಿ ಮನೆ: ಶೆಡ್ಡಿನ ಹಿಂದಿನ ಆ ಕಪ್ಪು ಆಯತ ಏನು?

ಕುತೂಹಲಿ_ಕಣ್ಣು
ಊರಾಚೆಯ ಒಂಟಿ ಮನೆಯಿಂದ ಕಾಣೆಯಾದ ಮಹಿಳೆಯ ಬಗ್ಗೆ ಎರಡು ಉಪಗ್ರಹ ಚಿತ್ರ ಎಲ್ಲ ಕಡೆ ಓಡಾಡ್ತಿವೆ. ಮೊದಲನೆಯದರಲ್ಲಿ ಮನೆ, ಹಿಂದೆ ತಗಡಿನ ಶೆಡ್, ಅದರಾಚೆ ಕೊಳ. ಎರಡನೆಯದೂ ಅದೇ ಜಾಗ, ಆದರೆ ಶೆಡ್ಡಿನ ಹಿಂದೆ ಗಾಢ ಬಣ್ಣದ ಒಂದು ಆಯತ ಬಂದಿದೆ. ಶೆಡ್ ಕೂಡ ಎರಡು ಮೂರು ಮೀಟರ್ ಪಕ್ಕಕ್ಕೆ ಸರಿದ ಹಾಗಿದೆ. "ಕಾಣೆಯಾದ ಮೇಲೆ ಅಗೆದು ಮುಚ್ಚಿದ್ದಾರೆ" ಅಂತ ಜನ ತೀರ್ಪು ಕೊಟ್ಟಾಗಿದೆ. ಗೊತ್ತಿರೋರು ಹೇಳಿ, ಈ ಎರಡು ಚಿತ್ರದಿಂದ ನಿಜವಾಗಿ ಏನು ಹೇಳಬಹುದು?

ಮೇಲ್ವಿಚಾರಕ
ಮಾತು ಶುರುವಾಗೋ ಮೊದಲೇ: ಹೆಸರು, ವಿಳಾಸ, ನಕ್ಷೆಯ ಕೊಂಡಿ, ನೆರೆಮನೆಯವರ ಗಾಡಿ ನಂಬರ್ ಯಾವುದನ್ನೂ ಹಾಕಬೇಡಿ. ಹಾಕಿದರೆ ಕೇಳದೆ ಅಳಿಸ್ತೀವಿ.

ನಕಾಶೆಮೇಸ್ತ್ರಿ
ಮೊದಲು ದಿನಾಂಕ ತನ್ನಿ, ಆಮೇಲೆ ಆಯತ. ಎರಡನೇ ಚಿತ್ರ ಯಾವತ್ತಿನದು ಅಂತ ಹಂಚಿದವರು ಯಾರೂ ಬರೆದಿಲ್ಲ. ಕೆಳಗಡೆ ಸಣ್ಣಕ್ಷರದಲ್ಲಿರುವ ವರ್ಷ ನೋಡಿ ಮೋಸ ಹೋಗಬೇಡಿ, ಅದು ಹಕ್ಕುಸ್ವಾಮ್ಯದ ವರ್ಷ, ಚಿತ್ರ ತೆಗೆದ ವರ್ಷ ಅಲ್ಲ.

ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ, ಉಚಿತ. ಮೇಲಿನ ಪಟ್ಟಿಯಲ್ಲಿ ಗಡಿಯಾರದ ಚಿಹ್ನೆ ಒತ್ತಿದರೆ ಹಳೆಯ ಚಿತ್ರಗಳ ಜಾರುಪಟ್ಟಿ ಬರುತ್ತೆ. ಚಿತ್ರ ತೆಗೆದ ದಿನಾಂಕ ಪರದೆಯ ಕೆಳ ಅಂಚಿನಲ್ಲಿ ಇರುತ್ತೆ. ಎರಡು ಕಡೆ ಎಚ್ಚರ ಬೇಕು. ಒಂದು, ದೂರದಿಂದ ನೋಡುವಾಗ ಕಾಣೋ ಚಿತ್ರವೇ ಬೇರೆ, ಹತ್ತಿರ ಹೋದಾಗ ಕಾಣೋದೇ ಬೇರೆ. ಹಾಗಾಗಿ ಪೂರ್ತಿ ಹತ್ತಿರ ಹೋದ ಮೇಲೆ ದಿನಾಂಕ ಓದಿ. ಎರಡು, ಬೇರೆ ಬೇರೆ ದಿನದ ತುಣುಕುಗಳನ್ನು ಹೊಲಿದು ಒಂದು ಚಿತ್ರ ಮಾಡಿರ್ತಾರೆ. ಹೊಲಿಗೆ ಇದೇ ಅಂಗಳದ ಮೇಲೆ ಹಾದುಹೋಗಿದ್ದರೆ ಮನೆ ಒಂದು ಋತುವಿನದು, ಶೆಡ್ ಇನ್ನೊಂದು ಋತುವಿನದು ಆಗಿರಬಹುದು. ಹುಲ್ಲಿನ ಬಣ್ಣ ಅಥವಾ ನೆರಳಿನ ದಿಕ್ಕು ಯಾವುದಾದರೂ ಗೆರೆಯಲ್ಲಿ ತಟ್ಟನೆ ಬದಲಾಗಿದೆಯಾ ನೋಡಿ. ಆಗಿದ್ದರೆ ಅದೇ ಹೊಲಿಗೆ.

ನಕ್ಷೆ ತಂತ್ರಾಂಶದ ಕಂಪನಿ ಎಸ್ರಿಯವರ ವೇಬ್ಯಾಕ್ ಅನ್ನೋ ಹಳೆ ಚಿತ್ರಗಳ ಸಂಗ್ರಹವನ್ನೂ ನೋಡಿ, 2014ರಿಂದ ಇದೆ. ಅಲ್ಲಿ ಪಟ್ಟಿಯಲ್ಲಿರೋದು ಪ್ರಕಟಿಸಿದ ದಿನಾಂಕ. ಸೆರೆಹಿಡಿದ ದಿನಾಂಕ ಬೇಕಂದ್ರೆ ಚಿತ್ರದ ಮೇಲೆ ಕ್ಲಿಕ್ ಮಾಡಬೇಕು. ಎರಡರ ನಡುವೆ ವರ್ಷಗಟ್ಟಲೆ ಅಂತರ ಇರಬಹುದು.

ಶೆಡ್ ಸರಿದಿಲ್ಲ. ಉಪಗ್ರಹ ನೆತ್ತಿಯ ಮೇಲಿಂದ ನೇರ ಕೆಳಗೆ ನೋಡೋದು ಅಪರೂಪ, ಓರೆಯಾಗಿ ನೋಡುತ್ತೆ. 6 ಮೀಟರ್ ಎತ್ತರದ ಚಾವಣಿ 25 ಡಿಗ್ರಿ ಓರೆಯಲ್ಲಿ ಬುಡದಿಂದ ಸುಮಾರು 2.8 ಮೀಟರ್ ಆಚೆ ವಾಲಿದ ಹಾಗೆ ಕಾಣುತ್ತೆ. ಮುಂದಿನ ಚಿತ್ರ ಎದುರು ದಿಕ್ಕಿನಿಂದ ತೆಗೆದಿದ್ದರೆ ವಾಲಿಕೆಯೂ ತಿರುವುಮುರುವು. ಗೋಡೆ ನೆಲ ಮುಟ್ಟುವ ಗೆರೆಯನ್ನು ಹೋಲಿಸಿ, ಚಾವಣಿಯ ಅಂಚನ್ನಲ್ಲ. ಇದರ ಮೇಲೆ ಇಡೀ ಚಿತ್ರವೇ ಕೆಲವು ಮೀಟರ್ ಅತ್ತಿತ್ತ ಕೂತಿರುತ್ತೆ. ಅದಕ್ಕೆ ರಸ್ತೆಯ ತಿರುವನ್ನು ಎರಡರಲ್ಲೂ ಗುರುತಿಟ್ಟು ಹೊಂದಿಸಿಕೊಳ್ಳಿ.

ಪಿಕ್ಸೆಲ್‌ಪುಟ್ಟ
ಗಾಢ ಆಯತ ನೆರಳೂ ಆಗಿರಬಹುದಲ್ವಾ ಮೇಸ್ತ್ರಿಗಳೇ? ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದರೆ 6 ಮೀಟರ್ ಶೆಡ್ಡಿನ ನೆರಳು 10 ಮೀಟರಿಗಿಂತ ಉದ್ದ.

ನಕಾಶೆಮೇಸ್ತ್ರಿ
ಆಗಬಹುದಿತ್ತು, ಆದರೆ ದಿಕ್ಕು ಕೂಡಿ ಬರ್ತಿಲ್ಲ. ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳಲ್ಲಿ ಬಹಳಷ್ಟು ಸ್ಥಳೀಯ ಸಮಯ ಬೆಳಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ಹಾದು ಹೋಗ್ತವೆ, ಹಾಗಾಗಿ ನೆರಳು ಪಶ್ಚಿಮದ ಕಡೆಗೆ ಬೀಳುತ್ತೆ. ಇಲ್ಲಿ ಮರದ ನೆರಳೂ ಪಶ್ಚಿಮಕ್ಕೇ ಇದೆ, ಆಯತ ಮಾತ್ರ ಶೆಡ್ಡಿನ ಪೂರ್ವಕ್ಕಿದೆ. ನೆರಳಲ್ಲ. (ವಿಮಾನದಿಂದ ತೆಗೆದ ಚಿತ್ರವಾದರೆ ಹೊತ್ತು ಯಾವುದೂ ಆಗಿರಬಹುದು. ಎಲ್ಲ ನೆರಳೂ ಪೂರ್ವಕ್ಕಿದ್ದರೆ ಅದು ಮಧ್ಯಾಹ್ನದ ನಂತರದ್ದು.)

ಸತ್ಯಶೋಧಕ99
ನಾನು ಎಐ ಟೂಲಿನಲ್ಲಿ ಹಾಕಿ ಸ್ಪಷ್ಟ ಮಾಡಿದೆ. ಆಯತದ ಅಂಚು ಚೂಪಾಗಿ ಬಂತು, ಒಳಗೆ ಉದ್ದಕ್ಕೆ ಏನೋ ಮಲಗಿಸಿದ ಹಾಗಿದೆ. ಹಾಕ್ಲಾ?

ಪಿಕ್ಸೆಲ್‌ಪುಟ್ಟ
ಬೇಡ ಗುರು. ಅದು ಸ್ಪಷ್ಟ ಮಾಡೋದಿಲ್ಲ, ಊಹಿಸಿ ಬರೆಯುತ್ತೆ. ಮೂಲದಲ್ಲಿ ಆ ಆಯತ ಎಂಟು ಹತ್ತು ಚುಕ್ಕಿ (ಪಿಕ್ಸೆಲ್) ಅಗಲ ಅಷ್ಟೇ. ಅಷ್ಟರಲ್ಲಿ ಇಲ್ಲದ ಮಾಹಿತಿಯನ್ನು ಟೂಲ್ ತಾನು ಕಲಿತ ಬೇರೆ ಚಿತ್ರಗಳಿಂದ ತಂದು ತುಂಬಿಸುತ್ತೆ. ಅದರ ಜೊತೆ ನಿಮ್ಮ ಹತ್ತಿರ ಇರೋದು ವಾಟ್ಸಾಪಿನಲ್ಲಿ ಬಂದ ಪ್ರತಿ, ಕುಗ್ಗಿಸಿ ಕುಗ್ಗಿಸಿ 8×8 ಚುಕ್ಕಿಯ ಚೌಕಗಳ ಗುರುತು ಎದ್ದಿದೆ. ನಿಮಗೆ ಕಂಡ "ಚೂಪಾದ ಅಂಚು" ಆ ಚೌಕಗಳದ್ದೇ ಇರಬೇಕು. ಮೂಲದಿಂದ ಇಳಿಸಿಕೊಂಡು ದೊಡ್ಡದು ಮಾಡಿ, ಹೊಳಪು ಮತ್ತು ಕಾಂಟ್ರಾಸ್ಟ್ ಮಾತ್ರ ಮುಟ್ಟಿ.

ಅದೇ ಚಿತ್ರದ ದಾರಿಯಲ್ಲಿ ಕೆಂಪು ನೀಲಿ ಅಂಚಿನ ಕಾರೊಂದಿದೆ, ಅದನ್ನೂ ಜನ "ಮರೆಮಾಚಿದ ಗಾಡಿ" ಅಂತಿದ್ದಾರೆ. ಸಂವೇದಕ ಬಣ್ಣಗಳನ್ನು ಒಂದೇ ಕ್ಷಣಕ್ಕೆ ಹಿಡಿಯಲ್ಲ, ಚೂರು ಹಿಂದೆ ಮುಂದೆ ಹಿಡಿಯುತ್ತೆ. ಅಷ್ಟರಲ್ಲಿ ಗಾಡಿ ಮುಂದೆ ಹೋಗಿರುತ್ತೆ, ಬಣ್ಣಗಳು ಒಂದರ ಮೇಲೊಂದು ಕೂರಲ್ಲ. ಗಾಡಿ ಓಡ್ತಿತ್ತು ಅನ್ನೋದಷ್ಟೇ ಅದರ ಅರ್ಥ.

ಮಣ್ಣುಮಾತು
ಅಗೆದ ಮಣ್ಣು ಹೇಗೆ ಕಾಣುತ್ತೆ ಅನ್ನೋದಕ್ಕೆ ಬರ್ತೀನಿ. ಹೊಸದಾಗಿ ತಿರುವಿದ ಮಣ್ಣು ಸುತ್ತಲಿನದಕ್ಕಿಂತ ಬೇರೆ ಬಣ್ಣ, ಯಾಕಂದ್ರೆ ಕೆಳಪದರ ಮೇಲೆ ಬಂದಿರುತ್ತೆ. ಮೊದಲು ಸ್ವಲ್ಪ ದಿಬ್ಬ, ಆಮೇಲೆ ಮಳೆ ಬಿದ್ದು ಸಡಿಲ ಮಣ್ಣು ಕೂತು ತಗ್ಗಾಗುತ್ತೆ, ತಗ್ಗಿನ ಅಂಚಿನಲ್ಲಿ ಬಿರುಕು ಬಿಡುತ್ತೆ. ಮೊದಲ ತಿಂಗಳುಗಳಲ್ಲಿ ಅಲ್ಲಿ ಹುಲ್ಲು ಬರೋದೇ ಕಷ್ಟ, ಬಂದರೂ ಅಗೆದ ಜಾಗಕ್ಕೆ ಮೊದಲು ನುಗ್ಗುವ ಕಳೆಗಿಡಗಳೇ. ಸೊಂಪಾದ ಹಸಿರು ಬರೋದು ಎಷ್ಟೋ ಕಾಲದ ಮೇಲೆ. ಆದ್ದರಿಂದ "ಕಾಣೆಯಾದ ಮೂರೇ ವಾರದಲ್ಲಿ ಅಲ್ಲಿ ಹುಲ್ಲು ದಟ್ಟವಾಗಿದೆ, ಅದೇ ಸಮಾಧಿ" ಅನ್ನುವ ವಾದ ಕಾಲದ ಲೆಕ್ಕಕ್ಕೇ ನಿಲ್ಲಲ್ಲ.

ಹಳ್ಳಿಮನೆಯ ಹಿಂದೆ ದಟ್ಟ ಹಸಿರಿನ ಪಟ್ಟೆ ಕಂಡರೆ ಮೊದಲು ನೆನಪಾಗಬೇಕಾದ್ದು ಶೌಚಗುಂಡಿಯ ಇಂಗುಕಾಲುವೆ. 60ರಿಂದ 90 ಸೆಂಟಿಮೀಟರ್ ಅಗಲದ ಉದ್ದನೆಯ ಪಟ್ಟೆಗಳು, ಒಂದಕ್ಕೊಂದು ಸಮಾನಾಂತರ, ನಡುವೆ ಒಂದೇ ಅಳತೆಯ ಅಂತರ, ಮನೆಯಿಂದ ಇಳಿಜಾರಿನ ಕಡೆಗೆ. ಬೇಸಿಗೆಯಲ್ಲಿ ಸುತ್ತಲೂ ಒಣಗಿದಾಗ ಎದ್ದು ಕಾಣುತ್ತವೆ, ಮಳೆಗಾಲದಲ್ಲಿ ಮಾಯ. ದುಂಡಗಿನ ಕಲೆಯಾದರೆ ಕಿತ್ತ ಮರದ ಬುಡ, ದನಕ್ಕೆ ಮೇವು ಹಾಕುವ ಜಾಗ, ಗೊಬ್ಬರದ ರಾಶಿ ಇದ್ದ ಜಾಗ, ಅಣಬೆ ಉಂಗುರವಾಗಿ ಬೆಳೆದ ಜಾಗ, ಇಷ್ಟನ್ನು ತಳ್ಳಿಹಾಕಿ ಮುಂದೆ ಹೋಗಬೇಕು.

ಈ ಆಯತದ ಅಳತೆ ಎಷ್ಟು? ಯಾರೂ ಅಳೆದಿಲ್ಲ!

ಕುತೂಹಲಿ_ಕಣ್ಣು
ಅಳೆದೆ. ಅಳತೆಪಟ್ಟಿಯಲ್ಲಿ ಸುಮಾರು 10 ಮೀಟರ್ ಉದ್ದ, 6 ಮೀಟರ್ ಅಗಲ.

ಮಣ್ಣುಮಾತು
60 ಚದರ ಮೀಟರ್. ಒಬ್ಬರನ್ನು ಹೂಳುವ ಗುಂಡಿ ಒಂದೂವರೆ ಎರಡು ಚದರ ಮೀಟರ್ ದಾಟಲ್ಲ. ಇದು ತಳಪಾಯವೋ ಕಾಂಕ್ರೀಟ್ ಹಾಸೋ ಆಗಿರೋ ಸಾಧ್ಯತೆ ಹೆಚ್ಚು. ಕಾಂಕ್ರೀಟ್ ಹಸಿ ಇದ್ದಾಗ ಗಾಢ ಬೂದು, ಒಣಗುತ್ತಾ ವಾರಗಳಲ್ಲಿ ಬೆಳ್ಳಗಾಗುತ್ತೆ. ಕಪ್ಪಾಗಿಯೇ ಉಳಿದಿದ್ದರೆ ಟಾರ್ಪಾಲು ಅಥವಾ ಕಪ್ಪು ಪ್ಲಾಸ್ಟಿಕ್ ಹಾಳೆ.

ಸತ್ಯಶೋಧಕ99
ಹಾಸಿನ ಕೆಳಗೆ ಇರಬಾರದಾ?

ನಕಾಶೆಮೇಸ್ತ್ರಿ
ಇರಬಹುದು ಅಂತ ಯಾವ ಹಾಸಿನ ಬಗ್ಗೆಯೂ ಹೇಳಬಹುದು. ಮೊದಲು ಹಾಸು ಯಾವಾಗ ಬಂತು ನೋಡೋಣ. ಕಾಣೆಯಾಗುವ ಮೊದಲೇ ಇದ್ದಿದ್ದರೆ ಪ್ರಶ್ನೆಯೇ ಏಳಲ್ಲ.

ಇದಕ್ಕೆ ಮಸುಕು ಚಿತ್ರವೇ ಬೇಕು. ಸ್ಪಷ್ಟ ಚಿತ್ರ ವಸ್ತು ಏನು ಅಂತ ಹೇಳುತ್ತೆ, ಆದರೆ ವರ್ಷಕ್ಕೆ ಒಂದೋ ಎರಡೋ ಸಿಕ್ಕರೆ ಪುಣ್ಯ. ಸೆಂಟಿನೆಲ್-2 ಉಪಗ್ರಹದ್ದು 10 ಮೀಟರ್ ಚುಕ್ಕಿ, ಆಕಾರ ಕಾಣಲ್ಲ, ಆದರೆ ಎರಡು ಉಪಗ್ರಹ ಸೇರಿ 5 ದಿನಕ್ಕೊಮ್ಮೆ ಅದೇ ಜಾಗ ಹಿಡಿಯುತ್ತವೆ. ಯುರೋಪಿನ ಕೊಪರ್ನಿಕಸ್ ಬ್ರೌಸರಿನಲ್ಲಿ ಉಚಿತ, ಮೊದಲ ಉಪಗ್ರಹ 2015ರಲ್ಲಿ ಹೋಯ್ತು, ಎರಡನೆಯದು 2017ರಲ್ಲಿ. ಒಂದು ಚುಕ್ಕಿ 100 ಚದರ ಮೀಟರ್. 60 ಚದರ ಮೀಟರ್ ಹುಲ್ಲು ಹೋಗಿ ಕಾಂಕ್ರೀಟ್ ಬಂದರೆ, ಆ ಜಾಗ ಒಂದೇ ಚುಕ್ಕಿಯಲ್ಲಿ ಬಿದ್ದರೂ ಎರಡರಲ್ಲಿ ಹಂಚಿಹೋದರೂ ಹಸಿರಿನ ಮೌಲ್ಯ ಧಡಕ್ಕನೆ ಇಳಿಯುತ್ತೆ. (ಎರಡು ಚದರ ಮೀಟರಿನ ಗುಂಡಿ ಅದೇ ಚುಕ್ಕಿಯ ಶೇ. 2 ಮಾತ್ರ, ಕಾಣೋ ಮಾತೇ ಇಲ್ಲ. "ಸೆಂಟಿನೆಲ್‌ನಲ್ಲಿ ಸಮಾಧಿ ಕಂಡೆ" ಅಂದವರನ್ನು ನಂಬಬೇಡಿ.)

ಮಾಡೋದು ಹೀಗೆ. ಎನ್‌ಡಿವಿಐ ಪದರ ಆರಿಸಿ. ಅದು ಕೆಂಪಿಗೆ ಹತ್ತಿರದ ಅತಿಗೆಂಪು ಬೆಳಕಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದ ಸಂಖ್ಯೆ, ಹಸಿರಿದ್ದಷ್ಟೂ 1ರ ಹತ್ತಿರ. ಆಯತದ ಮೇಲೊಂದು ಗುರುತು, 40–50 ಮೀಟರ್ ಆಚೆ ಯಾರೂ ಮುಟ್ಟದ ಹುಲ್ಲಿನ ಮೇಲೆ ಇನ್ನೊಂದು ಗುರುತು ಇಡಿ. ಎರಡನೆಯದು ಬಿಟ್ಟರೆ ಇಡೀ ಲೆಕ್ಕ ದಂಡ: ಬರ, ಹುಲ್ಲು ಕೊಯ್ಲು, ಮಳೆಗೆ ನೆನೆದ ಮಣ್ಣು ಎಲ್ಲವೂ ಸಂಖ್ಯೆಯನ್ನು ಕುಣಿಸುತ್ತವೆ. ಎರಡೂ ಒಟ್ಟಿಗೆ ಇಳಿದರೆ ಋತು. ಆಯತದ್ದು ಮಾತ್ರ ಇಳಿದು ಮತ್ತೆ ಏಳದಿದ್ದರೆ ಅಲ್ಲಿ ಏನೋ ಕಟ್ಟಿದ್ದಾರೆ. ಮೋಡ ಇರುವ ದಿನಗಳನ್ನು, ಮೋಡದ ನೆರಳು ಬಿದ್ದ ದಿನಗಳನ್ನೂ ಕೈಯಾರೆ ನೋಡಿ ತೆಗೆಯಿರಿ. ತಾನೇ ತೆಗೆಯುವ ಸೌಲಭ್ಯ ತೆಳು ಮೋಡವನ್ನು ಬಿಟ್ಟುಬಿಡುತ್ತೆ.

ಕುತೂಹಲಿ_ಕಣ್ಣು
ಮಾಡಿದೆ ಸರ್. ಪಕ್ಕದ ಹುಲ್ಲು ವರ್ಷವರ್ಷ ಏರಿಳಿದಿದೆ. ಆಯತದ್ದು ಅವರು ಕಾಣೆಯಾಗುವ ಹದಿನಾಲ್ಕು ತಿಂಗಳ ಮೊದಲೇ ಬಿದ್ದಿದೆ, ಆಮೇಲೆ ಎದ್ದಿಲ್ಲ.

ಪಿಕ್ಸೆಲ್‌ಪುಟ್ಟ
ಆಯತದ ಕಥೆ ಮುಗೀತು ಹಾಗಾದ್ರೆ.

ಸತ್ಯಶೋಧಕ99
ಸರಿ, ಆಯತ ಬಿಡೋಣ. ಮನೆ ಮಾರಾಟಕ್ಕಿದ್ದಾಗಿನ ಫೋಟೋಗಳು ಸಿಕ್ಕಿವೆ. ಒಳಗಿನ ಕೋಣೆಗಳ ಉದ್ದ ಕೂಡಿದರೆ ಹೊರಗಿನ ಉದ್ದಕ್ಕೆ ಒಂದೂವರೆ ಮೀಟರ್ ಕಡಿಮೆ ಬರುತ್ತೆ. ಗುಪ್ತಕೋಣೆ?

ಮಣ್ಣುಮಾತು
ಗೋಡೆಗಳನ್ನು ಎಣಿಸಿದ್ರಾ? ಹಳೆ ಕಲ್ಲುಗೋಡೆ ಅರ್ಧ ಮೀಟರ್ ದಪ್ಪ ಇರುತ್ತೆ. ಎರಡು ಹೊರಗೋಡೆ, ನಡುವೆ ಒಂದೆರಡು ಒಳಗೋಡೆ ಸೇರಿಸಿದರೆ ನಿಮ್ಮ ಒಂದೂವರೆ ಮೀಟರ್ ಅಲ್ಲೇ ಮುಗಿಯಿತು. ಹೊಗೆಗೂಡು, ಮೆಟ್ಟಿಲ ಕೆಳಗಿನ ಜಾಗ, ಕೊಳವೆ ಇಳಿಯುವ ಸಂದು ಬೇರೆ. ಮಾರಾಟದ ಫೋಟೋ ತೆಗೆಯೋದು ಅಗಲ ಕೋನದ ಲೆನ್ಸಿನಲ್ಲಿ, ಅಂಚಿನಲ್ಲಿರೋದೆಲ್ಲ ಹಿಗ್ಗಿ ಕಾಣುತ್ತೆ. ಅದರಿಂದ ಅಳತೆ ತೆಗೆಯಬೇಕಂದ್ರೆ ಚೌಕಟ್ಟಿನ ನಡುವೆ ಇರುವ, ಗೊತ್ತಿರುವ ಅಳತೆಯ ವಸ್ತು ಒಂದು ಬೇಕು.

ಕೆಸರುಬೂಟು
ಗೋಡೆಯೊಳಗೆ ಹುಡುಕೋದು ಬಿಟ್ಟು ಮನೆಯ ಸುತ್ತ ಹುಡುಕಿ. ಶೋಧಕಾರ್ಯದಲ್ಲಿ ಮೊದಲ ಪಾಠವೇ ಅದು: ಕಾಣೆಯಾದವರ ಮನೆ ಮತ್ತು ಹೊರಕಟ್ಟಡಗಳನ್ನು ಪೂರ್ತಿ ನೋಡು, ಇನ್ನೊಬ್ಬರಿಂದ ಮತ್ತೆ ನೋಡಿಸು. ಅಟ್ಟ, ಮಂಚದ ಕೆಳಗೆ, ಗಾಡಿಯ ಡಿಕ್ಕಿ, ಹುಲ್ಲುಮೆದೆ, ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಯಾವುದೇ ಪೆಟ್ಟಿಗೆ. "ಆ ಜಾಗ ಆಗಲೇ ನೋಡಿದ್ದಾರೆ" ಅನ್ನೋ ಮಾತಿಗೆ ಬೆಲೆ ಇರೋದು ಹೇಗೆ ನೋಡಿದರು ಅಂತ ಗೊತ್ತಾದಾಗ. ಒಂದು ಸುತ್ತಿನಲ್ಲಿ ಸಿಗುವ ಸಂಭವ ಶೇ. 50 ಅಂದುಕೊಳ್ಳಿ. ಎರಡನೇ ಸುತ್ತು ಬೇರೆಯವರು ಮಾಡಿದರೆ ಒಟ್ಟು 75, ಮೂರನೆಯದಕ್ಕೆ 87.5. ಪೊದೆಯಲ್ಲಿ ಜನ ದೂರದೂರ ನಿಂತು ಸಾಲಾಗಿ ನಡೆದರೆ ಮೊದಲ ಸುತ್ತಿನ 50 ಕೂಡ ಸಿಗಲ್ಲ.

ಹಳ್ಳಿಮನೆಯಲ್ಲಿ ಬಾವಿಯೇ ಎಲ್ಲರ ಬಾಯಲ್ಲಿ. ಯಾವ ಬಾವಿ ಅಂತ ಮೊದಲು ಕೇಳಿ. ಕೊಳವೆಬಾವಿಯ ಕೇಸಿಂಗ್ ಸಾಮಾನ್ಯವಾಗಿ 10ರಿಂದ 20 ಸೆಂಟಿಮೀಟರ್, ದೊಡ್ಡವರು ಅದರೊಳಗೆ ಬೀಳಲಾರರು, ಪಟ್ಟಿಯಿಂದ ತೆಗೆಯಿರಿ. ಅಪಾಯ ಇರೋದು ಕೈಯಲ್ಲಿ ತೋಡಿದ ಹಳೆಬಾವಿಯಲ್ಲಿ, ಅದೂ ಹಲಗೆ ಮುಚ್ಚಿ ಮರೆತಿರೋದರಲ್ಲಿ. ಇಂಥದ್ದು ಹಳೆಯ ಭೂಮಾಪನ ನಕ್ಷೆಯಲ್ಲಿ ಗುರುತಾಗಿರುತ್ತೆ, ಈಗಿನ ಚಿತ್ರದಲ್ಲಿ ಉಳುಮೆ ತಪ್ಪಿಸಿ ಬಿಟ್ಟ ಒಂದು ದುಂಡನೆಯ ಪೊದೆಯಾಗಿ ಕಾಣುತ್ತೆ.

ಇಳಿದು ನೋಡ್ತೀವಿ ಅಂತ ಮಾತ್ರ ಯಾರೂ ಹೊರಡಬೇಡಿ. ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತೆ, 19.5ಕ್ಕಿಂತ ಇಳಿದರೆ ಕೆಲಸಕ್ಕೆ ಅಸುರಕ್ಷಿತ ಅಂತ ಲೆಕ್ಕ. ಮುಚ್ಚಿದ ಬಾವಿ, ಶೌಚಗುಂಡಿಗಳಲ್ಲಿ ಅದು ಎಷ್ಟಕ್ಕೆ ಬೇಕಾದರೂ ಇಳಿದಿರಬಹುದು. ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆ ವಾಸನೆ 100 ಪಿಪಿಎಂ (ಹತ್ತು ಲಕ್ಷದಲ್ಲಿ 100 ಪಾಲು) ಹೊತ್ತಿಗೆ ಮೂಗಿಗೆ ಗೊತ್ತಾಗೋದೇ ನಿಲ್ಲುತ್ತೆ. ವಾಸನೆ ಹೋಯ್ತು ಅಂದ್ರೆ ಅನಿಲ ಹೋಯ್ತು ಅಂತಲ್ಲ. ಇಂಥ ಗುಂಡಿಗಳಲ್ಲಿ ಮೊದಲು ಇಳಿದವರ ಜೊತೆ ಎತ್ತಲು ಇಳಿದವರೂ ಸಾಯ್ತಾರೆ. ಹಗ್ಗಕ್ಕೆ ಕಟ್ಟಿದ ಕ್ಯಾಮೆರಾ ಮತ್ತು ದೀಪ ಸಾಕು, ಅದೂ ಪೊಲೀಸರ ಕೆಲಸ.

ಕುತೂಹಲಿ_ಕಣ್ಣು
ಭೂಮಿಯೊಳಗೆ ನೋಡುವ ರೇಡಾರ್ ತರಿಸಿದರೆ ಎಲ್ಲ ಗೊತ್ತಾಗಲ್ವಾ?

ಮಣ್ಣುಮಾತು
ಅದರಲ್ಲಿ ಎಲುಬು ಕಾಣಲ್ಲ. ಪದರ ಕದಡಿದ ಜಾಗ ಕಾಣುತ್ತೆ, ಕೊಳವೆ, ಬೇರು, ಬಂಡೆಯ ಜೊತೆಗೆ. 250ರಿಂದ 500 ಮೆಗಾಹರ್ಟ್ಸ್ ಆಂಟೆನಾ ಈ ಕೆಲಸಕ್ಕೆ ಬಳಕೆಯಲ್ಲಿದೆ. ಒಣ ಮರಳಿನಲ್ಲಿ ಚೆನ್ನಾಗಿ ಓಡುತ್ತೆ, ಒದ್ದೆ ಜೇಡಿಮಣ್ಣಿನಲ್ಲಿ ಸಂಕೇತ ಇಂಗಿಹೋಗುತ್ತೆ. ಸಾಲು ಹಾಕಿ ಅರ್ಧ ಮೀಟರಿಗೊಂದರಂತೆ ಎಳೆಯಬೇಕು, ಅದಕ್ಕೆ ಹುಲ್ಲು ಸವರಿ ನೆಲ ಸಮ ಇರಬೇಕು. ಎಕರೆಗಟ್ಟಲೆ ಹೊಲದಲ್ಲಿ ಆಗೋ ಕೆಲಸ ಅಲ್ಲ. ಮೊದಲು ಶವದ ವಾಸನೆ ಹಿಡಿಯುವ ನಾಯಿ, ಆಮೇಲೆ ರೇಡಾರ್. ನಾಯಿ ಕೂತ ಜಾಗವೇ ಜಾಗ ಅಂತಲೂ ಅಲ್ಲ, ವಾಸನೆ ಇಳಿಜಾರಿಗೆ ನೀರಿನ ಜೊತೆ ಹರಿದು ಕೆಳಗೆ ನಿಂತಿರುತ್ತೆ.

ಸಿಗ್ನಲ್_ವೀಕ್
ಫೋನಿನ ಬಗ್ಗೆ ಯಾರೂ ಹೇಳಲಿಲ್ಲ. "ಕೊನೆಯ ಸಂಪರ್ಕ ಮನೆ ಹತ್ತಿರದ ಟವರಿನಿಂದ, ಅಂದ್ರೆ ಮನೆಯಲ್ಲೇ ಇದ್ರು" ಅಂತ ಓಡ್ತಿದೆ. ಅಲ್ಲ. ಹಳ್ಳಿಕಡೆಯ ಟವರಿನ ಒಂದು ಮುಖ 120 ಡಿಗ್ರಿ ಹರಡಿರುತ್ತೆ. ಜಿಎಸ್‌ಎಂನಲ್ಲಿ (ಹಳೆಯ 2ಜಿ) ದೂರ ತಿಳಿಯೋದು ಸುಮಾರು 550 ಮೀಟರ್ ಮೆಟ್ಟಿಲುಗಳಲ್ಲಿ. ಟವರಿಂದ 10 ಕಿಲೋಮೀಟರ್ ದೂರ ಅಂತ ಗೊತ್ತಾದರೂ ಸಿಗೋದು ಚುಕ್ಕಿಯಲ್ಲ, 550 ಮೀಟರ್ ಅಗಲ, 21 ಕಿಲೋಮೀಟರ್ ಉದ್ದದ ಕಮಾನು. ಅಂದಾಜು 11.5 ಚದರ ಕಿಲೋಮೀಟರ್! 4ಜಿಯಲ್ಲಿ ಮೆಟ್ಟಿಲು ಸುಮಾರು 78 ಮೀಟರ್, ಕಮಾನು ತೆಳುವಾಗುತ್ತೆ, ಉದ್ದ ಅಷ್ಟೇ ಇರುತ್ತೆ.

ಫೋನ್ ಹೇಗೆ ಸತ್ತಿತು ಅನ್ನೋದು ಇದಕ್ಕಿಂತ ಮುಖ್ಯ. ಗುಂಡಿ ಒತ್ತಿ ಸ್ವಿಚ್ ಆಫ್ ಮಾಡಿದರೆ ಫೋನ್ ಹೋಗುವ ಮುನ್ನ ಜಾಲಕ್ಕೆ ಹೇಳಿ ಹೋಗುತ್ತೆ. ನೀರಿಗೆ ಬಿದ್ದರೆ, ಸಿಗ್ನಲ್ ಇಲ್ಲದ ತಗ್ಗಿಗೆ ಇಳಿದರೆ ಹೇಳದೆ ಹೋಗುತ್ತೆ, ಎಷ್ಟೋ ಹೊತ್ತಾದ ಮೇಲೆ ಜಾಲವೇ ಅದನ್ನು ಪಟ್ಟಿಯಿಂದ ಬಿಡುತ್ತೆ. ಕಂಪನಿಯ ದಾಖಲೆಯಲ್ಲಿ ಇವೆರಡರ ವ್ಯತ್ಯಾಸ ಉಳಿದಿರುತ್ತೆ. ನಮ್ಮ ಕೈಗೆ ಸಿಗಲ್ಲ, ತನಿಖೆಯವರಿಗೆ ಸಿಗುತ್ತೆ.

ಕೆಸರುಬೂಟು
ಆಯತಕ್ಕಿಂತ ಆ ಕೊಳದ ಕಡೆ ನೋಡಬೇಕಿತ್ತು ಜನ. ಇಂಗ್ಲೆಂಡಿನ ಲ್ಯಾಂಕಾಶೈರಿನ ಸೇಂಟ್ ಮೈಕಲ್ಸ್ ಹಳ್ಳಿಯಲ್ಲಿ 2023ರ ಜನವರಿ 27ರಂದು ಒಬ್ಬ ಮಹಿಳೆ ಕಾಣೆಯಾದರು. ಫೋನ್ ನದಿದಂಡೆಯ ಬೆಂಚಿನ ಮೇಲೆ ಸಿಕ್ಕಿತ್ತು. ನದಿಯಾಚೆಯ ಪಾಳುಮನೆಯ ಮೇಲೆ ಆನ್‌ಲೈನ್ ಪತ್ತೇದಾರರ ಕಣ್ಣು ಬಿತ್ತು. ಮಾಲೀಕರ ಒಪ್ಪಿಗೆ ಪಡೆದು ಆ ಮನೆ ಶೋಧಿಸಿದ್ದಾಗಿದೆ ಅಂತ ಪೊಲೀಸರು ಹೇಳಿದರೂ ಕೇಳದೆ ವಿಡಿಯೋ ಮಾಡೋರು ಬಂದು ಸುತ್ತಿದರು, ಗುಂಪು ಚದುರಿಸೋ ಆದೇಶ ಹೊರಡಿಸಬೇಕಾಯ್ತು. ಫೆಬ್ರವರಿ 19ರಂದು ದೇಹ ಸಿಕ್ಕಿದ್ದು ಒಂದು ಮೈಲಿಯಷ್ಟು ಕೆಳಹರಿವಿನ ಜೊಂಡಿನಲ್ಲಿ, ದಾರಿಹೋಕರ ಕಣ್ಣಿಗೆ. ಜೂನಿನಲ್ಲಿ ವಿಚಾರಣೆ ಮಾಡಿದ ಅಧಿಕಾರಿ ಆಕಸ್ಮಿಕವಾಗಿ ಮುಳುಗಿ ಸಾವು ಅಂತ ದಾಖಲಿಸಿದರು.

ಆ ಪ್ರಕರಣದಲ್ಲಿ ಸೋನಾರ್ (ಶಬ್ದದಿಂದ ನೀರಿನಡಿ ಹುಡುಕುವ ಸಾಧನ) ತಂದ ಖಾಸಗಿ ತಂಡಕ್ಕೂ ಏನೂ ಸಿಕ್ಕಿರಲಿಲ್ಲ. ಜನ ಅದನ್ನೇ ಹಿಡಿದು "ನೀರಿನಲ್ಲಿ ಇಲ್ಲ" ಅಂದರು. ಪಕ್ಕಕ್ಕೆ ನೋಡುವ ಸೋನಾರ್ ಸಮತಟ್ಟು ತಳದಲ್ಲಿ ಚೆನ್ನ, ಜೊಂಡು, ಮುಳುಗಿದ ಕೊಂಬೆ ಇದ್ದಲ್ಲಿ ಕುರುಡು.

ಕುತೂಹಲಿ_ಕಣ್ಣು
ಇದು ನಿಂತ ನೀರು, ನದಿ ಅಲ್ಲ. ವ್ಯತ್ಯಾಸ ಇದೆಯಾ?

ಕೆಸರುಬೂಟು
ಬಹಳ. ಹರಿವು ಇಲ್ಲದಿದ್ದರೆ ದೇಹ ಮುಳುಗಿದ ಜಾಗದ ಆಸುಪಾಸಿನಲ್ಲೇ ತಳ ಸೇರುತ್ತೆ. ಒಳಗೆ ಅನಿಲ ಹುಟ್ಟಿದಾಗ ಮೇಲೆ ಬರುತ್ತೆ: ಬೆಚ್ಚನೆ ನೀರಲ್ಲಿ ದಿನಗಳು, ತಣ್ಣನೆ ನೀರಲ್ಲಿ ವಾರಗಳು, ಆಳವೂ ಕೊರೆಯುವ ತಂಪೂ ಇದ್ದರೆ ಬರದೆಯೂ ಇರಬಹುದು. ಮೇಲೆ ಬಂದ ಮೇಲೆ ಗಾಳಿ ತಳ್ಳಿದ ಕಡೆಯ ದಂಡೆಗೆ ಸೇರುತ್ತೆ, ಅದು ಜೊಂಡಿನ ದಂಡೆಯಾದರೆ ಹೊರಗಿಂದ ಕಾಣಲ್ಲ. ಅವರ ಗಾಡಿಯೂ ಕಾಣೆಯಾಗಿದೆಯಾ?

ಕುತೂಹಲಿ_ಕಣ್ಣು
ಹೌದು, ಗಾಡಿಯೂ ಇಲ್ಲ ಅಂತ ಪೊಲೀಸರ ಪ್ರಕಟಣೆಯಲ್ಲೇ ಇದೆ.

ನಕಾಶೆಮೇಸ್ತ್ರಿ
ಆಹಾ, ಇದನ್ನು ಮೊದಲೇ ಹೇಳಬಾರದಾ! ವ್ಯಕ್ತಿ ಮತ್ತು ಗಾಡಿ ಎರಡೂ ಇಲ್ಲ ಅಂದ್ರೆ ಮನೆಗಿಂತ ಮನೆಯಿಂದ ಹೊರಡುವ ರಸ್ತೆಗಳ ಪಕ್ಕದ ನೀರು ಮುಖ್ಯ. ಅಮೆರಿಕದ ಫ್ಲಾರಿಡಾದಲ್ಲಿ 1997ರಲ್ಲಿ ಕಾಣೆಯಾದವರೊಬ್ಬರು 2019ರಲ್ಲಿ ವೆಲ್ಲಿಂಗ್ಟನ್ನಿನ ಒಂದು ಬಡಾವಣೆಯ ಕೊಳದಲ್ಲಿ ಕಾರಿನೊಳಗೇ ಸಿಕ್ಕರು. ಆ ಕಾರು 2007ರಿಂದಲೂ ಗೂಗಲ್ ಅರ್ಥ್ ಚಿತ್ರದಲ್ಲಿ ಕಾಣ್ತಿತ್ತು, ಯಾರೂ ಗಮನಿಸಿರಲಿಲ್ಲ.

ಆಮೇಲೆ ಮಾಡೋದು ಇಷ್ಟು. ಅವರು ಹೋಗಬಹುದಾಗಿದ್ದ ಪ್ರತಿ ರಸ್ತೆಯಲ್ಲೂ ತಿರುವಿನ ಹೊರಮಗ್ಗುಲಲ್ಲಿ, ರಸ್ತೆ ಕೊನೆಯಾಗುವಲ್ಲಿ, ಸೇತುವೆಯ ಎರಡೂ ತುದಿಯಲ್ಲಿ ನೀರು ಇದೆಯಾ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಹಳೆಯ ಚಿತ್ರಗಳಲ್ಲಿ ನೀರು ಅತಿ ಕಡಿಮೆ ಇದ್ದ ತಿಂಗಳನ್ನು, ತಿಳಿಯಾಗಿ ಕಾಣುವ ದಿನವನ್ನು ಹುಡುಕಿ. ಕಾರು ಅಂದ್ರೆ ಸುಮಾರು 4.5 ಮೀಟರ್ ಉದ್ದ, 1.8 ಮೀಟರ್ ಅಗಲ. ಆ ಅಳತೆಗೆ ಹೊಂದದ್ದನ್ನು ಬಿಡಿ. ಕಾಣೆಯಾಗುವ ಮೊದಲಿನ ಚಿತ್ರದಲ್ಲೂ ಅದು ಇದ್ದರೆ ಬಂಡೆ, ಬಿಡಿ.

ಕೆಸರುಬೂಟು
ಸೇರಿಸ್ತೀನಿ: ಕಾರು ನೀರಿಗೆ ಬಿದ್ದ ಕೂಡಲೇ ಮುಳುಗಲ್ಲ, ಸ್ವಲ್ಪ ಹೊತ್ತು ತೇಲಿ ಆಮೇಲೆ ಎಂಜಿನ್ ಕಡೆ ಮುಂದಾಗಿ ಇಳಿಯುತ್ತೆ, ಎಷ್ಟೋ ಸಲ ತಲೆಕೆಳಗಾಗಿ ಕೂರುತ್ತೆ. ದಂಡೆಗೆ ಅಂಟಿಕೊಂಡಂತೆ ಮಾತ್ರ ಹುಡುಕಬೇಡಿ.

ಸತ್ಯಶೋಧಕ99
ಪಕ್ಕದ ಹೊಲದವನ ಫೇಸ್‌ಬುಕ್ ನೋಡಿದೆ, ಅದೇ ವಾರ ಖಾತೆ ಮುಚ್ಚಿದ್ದಾನೆ. ಇದನ್ನೂ ಬರೀಬೇಕಲ್ವಾ?

ಮೇಲ್ವಿಚಾರಕ
ಇಲ್ಲಿ ಬೇಡ. 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ಹೊತ್ತಲ್ಲಿ ರೆಡ್ಡಿಟ್ಟಿನಲ್ಲಿ ಜನ ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯನ್ನೇ ಆರೋಪಿ ಮಾಡಿಬಿಟ್ಟರು, ಅವನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಬೀದಿಯವರೆಲ್ಲ ಬೆರಳು ತೋರಿಸಿದ ಮೇಲೆ ಖಾತೆ ಮುಚ್ಚೋದು ಯಾರಾದರೂ ಮಾಡೋ ಕೆಲಸ. ನಿಮಗೆ ಮುಖ್ಯ ಅನ್ನಿಸಿದರೆ ತನಿಖಾಧಿಕಾರಿಗೆ ಕಳಿಸಿ, ಇಲ್ಲಿ ಮತ್ತೆ ಬಂದರೆ ಅಳಿಸ್ತೀವಿ.

ಕುತೂಹಲಿ_ಕಣ್ಣು
ರಸ್ತೆ ಪಕ್ಕದ ನೀರಿನ ಪಟ್ಟಿ ಮಾಡಿದೆ, ಒಂಬತ್ತು ಜಾಗ. ಒಂದರಲ್ಲಿ ಅಳತೆಗೆ ಹೊಂದುವ ತಿಳಿಬಣ್ಣದ ಆಕಾರ ಇದೆ, ಕಾಣೆಯಾಗುವ ಮೊದಲಿನ ಚಿತ್ರದಲ್ಲಿ ಇಲ್ಲ. ಪೊಲೀಸರಿಗೆ ಹೇಗೆ ಬರೆಯಲಿ? ಒಂಬತ್ತನ್ನೂ ಕಳಿಸಲಾ?

ನಕಾಶೆಮೇಸ್ತ್ರಿ
ಆ ಒಂದನ್ನು ಮಾತ್ರ. ಒಂದು ಪತ್ರಕ್ಕೆ ಒಂದೇ ಜಾಗ. ಒಂಬತ್ತು ಕಳಿಸಿದರೆ ಒಂಬತ್ತಕ್ಕೂ ಬೆಲೆ ಇಳಿಯುತ್ತೆ. ಮೊದಲ ಸಾಲಿನಲ್ಲೇ ಅಕ್ಷಾಂಶ ರೇಖಾಂಶ, ದಶಮಾಂಶದಲ್ಲಿ, ಬಿಂದುವಿನ ನಂತರ ಐದು ಅಂಕಿ. ಐದನೇ ಅಂಕಿಗೆ ಅಕ್ಷಾಂಶದಲ್ಲಿ 1.1 ಮೀಟರ್, ಅಷ್ಟು ಸಾಕು, ಚಿತ್ರದ ತಪ್ಪೇ ಅದಕ್ಕಿಂತ ದೊಡ್ಡದು. ಎರಡನೇ ಸಾಲಿನಲ್ಲಿ ಆಕಾರ ಕಾಣುವ ಚಿತ್ರದ ಮೂಲ ಮತ್ತು ದಿನಾಂಕ, ಮೂರನೆಯದರಲ್ಲಿ ಕಾಣದ ಚಿತ್ರದ ಮೂಲ ಮತ್ತು ದಿನಾಂಕ. ನಾಲ್ಕನೆಯದರಲ್ಲಿ ಅಳತೆ. "ಕಾರು" ಅಂತ ಬರೆಯಬೇಡಿ, "ಇಷ್ಟು ಉದ್ದದ ತಿಳಿಬಣ್ಣದ ಆಕಾರ" ಅಂತ ಬರೆಯಿರಿ. ಮೇಲಿಂದ ತೆಗೆದ ಚಿತ್ರದಲ್ಲಿ ಮಗುಚಿದ ದೋಣಿಯೂ ಹಾಗೇ ಕಾಣುತ್ತೆ.

ಪಿಕ್ಸೆಲ್‌ಪುಟ್ಟ
ಚಿತ್ರವನ್ನು ಪಿಎನ್‌ಜಿಯಲ್ಲಿ ಉಳಿಸಿ, ಬಾಣ ವೃತ್ತ ಬರೆಯದ ಒಂದು ಪ್ರತಿ, ಬರೆದ ಒಂದು ಪ್ರತಿ. ಇಮೇಲಿಗೆ ಲಗತ್ತಿಸಿ, ವಾಟ್ಸಾಪಿನಲ್ಲಿ ಕಳಿಸಿದರೆ ಮತ್ತೆ ಕುಗ್ಗುತ್ತೆ. ಮತ್ತೆ ಆ ಜಾಗ ಯಾವುದು ಅಂತ ಇಲ್ಲಿ ಬರೆಯಬೇಡಿ, ನಾಳೆ ಬೆಳಗ್ಗೆ ಅಲ್ಲಿ ಡ್ರೋನ್ ಹಿಡಿದು ಹತ್ತು ಜನ ನಿಂತಿರ್ತಾರೆ.

ಕುತೂಹಲಿ_ಕಣ್ಣು
ಕಳಿಸಿದೆ. ಸ್ವೀಕೃತಿ ಸಂಖ್ಯೆ ಬಂದಿದೆ.

ಮೇಲ್ವಿಚಾರಕ
ಹಾಗಾದರೆ ಉತ್ತರ ಬರೋವರೆಗೆ ಈ ಎಳೆಗೆ ಬೀಗ ಹಾಕ್ತಿದೀವಿ.